ಎಂಜಿನ್ನಿನ ಉಸಿರು: ಸಿಲಿಂಡರ್ ಹೆಡ್ಡನ್ನು ಆರಿಸುವ ಬಗೆ

ಮೋಟಾರು ಕಾರಿನ ಶಕ್ತಿಯೆಲ್ಲ ಪೆಟ್ರೋಲಿನಲ್ಲಿದೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇದು ಅರ್ಧ ಸತ್ಯ. ಒಂದು ಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಹೆಚ್ಚಾಗಿ ಸುರಿಯುವುದು ಸುಲಭ; ಗಾಳಿಯನ್ನು ಒಳಗೆ ತುಂಬುವುದು ಕಷ್ಟ. ಗಾಳಿ ಬರುವ ದಾರಿ, ಹೊಗೆ ಹೋಗುವ ದಾರಿ, ಅವೆರಡರ ಬಾಗಿಲುಗಳಾದ ವಾಲ್ವುಗಳು, ಉರಿಯುವ ಕೋಣೆಯ ಮೇಲ್ಚಾವಣಿ, ಇವೆಲ್ಲವೂ ಇರುವುದು ಸಿಲಿಂಡರ್ ಹೆಡ್ಡಿನಲ್ಲಿ. ಆದಕಾರಣ ಹೆಡ್ಡನ್ನು ಎಂಜಿನ್ನಿನ ಮೂಗು ಎಂದರೂ ಸಲ್ಲುತ್ತದೆ.

ಕಲಾ ವಿಭಾಗದ ವಿದ್ಯಾರ್ಥಿಗೇಕೆ ಈ ವಿಷಯವೆಂದು ಸಹಪಾಠಿಗಳು ಕೇಳಬಹುದು. ಕುಮಾರಸ್ವಾಮಿ ಲೇಔಟಿನಲ್ಲಿ ನಮ್ಮ ಬೀದಿಯಲ್ಲೇ ಇರುವ ನನ್ನ ದೊಡ್ಡಮ್ಮನ ಮಗ ಹಳೆಯದೊಂದು ಎಂಟು ವಾಲ್ವಿನ ಮಾರುತಿ ಎಸ್ಟೀಮ್ ಕಾರನ್ನು ಆಟೋಕ್ರಾಸ್ ಪಂದ್ಯಕ್ಕೆ ಸಿದ್ಧಗೊಳಿಸಲು ಎರಡು ವರ್ಷ ಸಂಬಳದಲ್ಲಿ ಉಳಿಸಿದ್ದಾನೆ. ವಾರದ ಆರು ದಿನ ಅದೇ ಕಾರಿನಲ್ಲಿ ಬನಶಂಕರಿಯನ್ನು ದಾಟಿ ಕೆಲಸಕ್ಕೂ ಹೋಗಬೇಕು. ಒಬ್ಬ ಮೇಸ್ತ್ರಿಗಳು ಹದಿನಾರು ವಾಲ್ವಿನ ಹೆಡ್ಡನ್ನು ತಂದು ಹಾಕಿ ಎಂದರು. ಇನ್ನೊಬ್ಬರು ಇರುವುದನ್ನೇ ತಿದ್ದಿ ಎಂದರು. "ಹಣ ಒಂದೇ ಸಲದ್ದು, ಲೆಕ್ಕ ಹಾಕಿ ಹೇಳಪ್ಪ" ಎಂದು ಅಣ್ಣ ನನಗೆ ಒಪ್ಪಿಸಿದ. ಆ ಲೆಕ್ಕವೇ ಈ ಲೇಖನ.

ಅಮೆರಿಕದಲ್ಲಿ 1955ರಲ್ಲಿ ಬಂದ ಷೆವ್ರೊಲೆಯ ಎಂಟು ಸಿಲಿಂಡರಿನ ಎಂಜಿನ್ನಿಗೆ ಎಡೆಲ್‌ಬ್ರಾಕ್ ಮೊದಲಾದ ಸಂಸ್ಥೆಗಳು ಬಗೆಬಗೆಯ ಅಲ್ಯೂಮಿನಿಯಂ ಹೆಡ್ಡುಗಳನ್ನು ಮಾಡಿ ಮಾರುತ್ತವೆ. ನಮ್ಮಲ್ಲಿ ಅಂತಹ ಸಂತೆಯಿಲ್ಲ. ಇಲ್ಲಿ ಆಯ್ಕೆಯೆಂದರೆ ಹೆಚ್ಚಾಗಿ ಎರಡೇ: ಅದೇ ಮನೆತನದ ಬೇರೆ ಎಂಜಿನ್ನಿನ ಹೆಡ್ಡನ್ನು ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕುವುದು, ಇಲ್ಲವೆ ಇದ್ದುದನ್ನು ಲೇತ್ ಅಂಗಡಿಯಲ್ಲಿ ತಿದ್ದಿಸುವುದು.

ಮೊದಲು ವಾಲ್ವಿನ ವಿಚಾರ. ವಾಲ್ವು ತೆರೆದಾಗ ಗಾಳಿಗೆ ದೊರೆಯುವ ಕಿಂಡಿಯನ್ನು ಅದರ ಸುತ್ತಳತೆಯನ್ನು ಎತ್ತರದಿಂದ ಗುಣಿಸಿ ತಿಳಿಯಬಹುದು. ಉದಾಹರಣೆಗೆ 36 ಮಿ.ಮೀ. ವ್ಯಾಸದ ಒಂದು ವಾಲ್ವು 8 ಮಿ.ಮೀ. ಎದ್ದರೆ ಸುಮಾರು 905 ಚದರ ಮಿ.ಮೀ.; 28 ಮಿ.ಮೀ. ವ್ಯಾಸದ ಎರಡು ವಾಲ್ವುಗಳು ಅಷ್ಟೇ ಎದ್ದರೆ ಸುಮಾರು 1407. ನಾಲ್ಕು ವಾಲ್ವುಗಳ ಗುಟ್ಟು ಇದೇ. 1298 ಘನ ಸೆಂ.ಮೀ.ನ ಎಸ್ಟೀಮ್ ಎಂಟು ವಾಲ್ವು ಮತ್ತು ಕಾರ್ಬ್ಯುರೇಟರಿನೊಡನೆ 65 ಅಶ್ವಶಕ್ತಿ ಕೊಡುತ್ತಿತ್ತು. ಅನಂತರ ಹದಿನಾರು ವಾಲ್ವು ಮತ್ತು ಇಂಜೆಕ್ಷನ್ನಿನೊಡನೆ 85 ಕೊಟ್ಟಿತು.

ಆದರೆ ಆ 20 ಅಶ್ವಶಕ್ತಿ ಹೆಡ್ಡೊಂದರ ಸಂಪಾದನೆಯಲ್ಲ. ಇಂಜೆಕ್ಷನ್, ಮ್ಯಾನಿಫೋಲ್ಡ್, ಕ್ಯಾಮ್, ಕಂಪ್ಯೂಟರ್, ಎಲ್ಲವೂ ಪಾಲುದಾರರು. ಹೆಡ್ಡನ್ನು ಕೊಂಡವನು ಇವನ್ನೂ ಕೊಳ್ಳಬೇಕು. ಹೊಸ ವಾಲ್ವುಗಳು ಹಳೆಯ ಪಿಸ್ಟನ್ನಿಗೆ ತಾಗುವುವೇ ಎಂಬುದನ್ನು ಪಿಸ್ಟನ್ನಿನ ಮೇಲೆ ಮೆತ್ತನೆಯ ಜೇಡಿಯನ್ನಿಟ್ಟು, ಕೈಯಿಂದ ತಿರುಗಿಸಿ ನೋಡಬೇಕು. ಇದಲ್ಲದೆ, ದೊಡ್ಡ ದಾರಿಯಲ್ಲಿ ನಿಧಾನವಾಗಿ ಓಡುವ ಎಂಜಿನ್ನಿನ ಗಾಳಿಯ ವೇಗ ತಗ್ಗುತ್ತದೆ. ಬನಶಂಕರಿಯ ವಾಹನಸಂದಣಿಯಲ್ಲಿ ನಿಮಿಷಕ್ಕೆ 2000 ಸುತ್ತಿನಲ್ಲಿ ತೆವಳುವವನಿಗೆ, 7000 ಸುತ್ತಿನಲ್ಲಿ ದೊರೆಯುವ ಶಕ್ತಿಯಿಂದೇನು ಫಲ?

ಎರಡನೆಯದು ಕಂಪ್ರೆಷನ್. ಈ ಎಂಜಿನ್ನಿನ ಒಂದು ಸಿಲಿಂಡರಿನ ಪಾಲು 324.5 ಘನ ಸೆಂ.ಮೀ. ಕಂಪ್ರೆಷನ್ ಪ್ರಮಾಣ 9 ಇರಬೇಕಾದರೆ ಮೇಲೆ ಉಳಿಯುವ ಜಾಗ 40.6, 10 ಆಗಬೇಕಾದರೆ 36.1. ವ್ಯತ್ಯಾಸ 4.5 ಘನ ಸೆಂ.ಮೀ., ಒಂದು ಟೀ ಚಮಚಕ್ಕೂ ಕಡಿಮೆ! ಹೆಡ್ಡಿನ ತಳವನ್ನು ಸ್ವಲ್ಪ ಹೆಚ್ಚು ಹೆರೆದರೂ ಲೆಕ್ಕ ತಪ್ಪುತ್ತದೆ. ಆದ್ದರಿಂದ ಪ್ರತಿಯೊಂದು ಕೋಣೆಯನ್ನೂ ಗಾಜಿನಂತಹ ಹಲಗೆಯಿಂದ ಮುಚ್ಚಿ, ಸಣ್ಣ ತೂತಿನ ಮೂಲಕ ಬ್ಯೂರೆಟ್ಟಿನಿಂದ ದ್ರವವನ್ನು ತುಂಬಿ ಅಳೆಯುತ್ತಾರೆ. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಾವು ಕಂಡ ಬ್ಯೂರೆಟ್ಟೇ ಅದು. ನಾಲ್ಕು ಕೋಣೆಗಳೂ ಸಮನಾಗಿರಬೇಕು.

ಇಲ್ಲಿ ಬೆಂಗಳೂರಿನವರು ನೆನಪಿಡಬೇಕಾದ ಸಂಗತಿಯೊಂದುಂಟು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ವಾಯುವಿನ ಒತ್ತಡ ಕರಾವಳಿಯಲ್ಲಿರುವುದರ ನೂರಕ್ಕೆ ತೊಂಬತ್ತರಷ್ಟು ಮಾತ್ರ. ಇಲ್ಲಿ ಸದ್ದಿಲ್ಲದೆ ಓಡುವ ಹೆಚ್ಚು ಕಂಪ್ರೆಷನ್ನಿನ ಎಂಜಿನ್, ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಪಂದ್ಯಪಥದ ದಟ್ಟ ಗಾಳಿಯಲ್ಲಿ ಅದೇ ಪೆಟ್ರೋಲಿಗೆ ನಾಕಿಂಗ್ ಮಾಡಿ ಪಿಸ್ಟನ್ನನ್ನು ಒಡೆದುಕೊಳ್ಳಬಹುದು.

ಕಾನೂನನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಪಂದ್ಯದ ಅಂಗಳಕ್ಕಷ್ಟೇ ಮೀಸಲಾದ ಕಾರಿನ ಮಾತು ಬೇರೆ. ಬೀದಿಯಲ್ಲೂ ಓಡುವ ಕಾರಿನ ಮಾತು ಬೇರೆ.

ಇಷ್ಟನ್ನೂ ಬರೆದು ಅಣ್ಣನ ಮುಂದಿಟ್ಟೆ. ಎಂಟು ವಾಲ್ವಿನ ಹೆಡ್ಡನ್ನೇ ಉಳಿಸಿಕೊಳ್ಳುವುದೆಂದು ಅವನು ತೀರ್ಮಾನಿಸಿದ. ತಳ ಬಾಗಿದೆಯೇ ಎಂದು ಉಕ್ಕಿನ ಪಟ್ಟಿ ಮತ್ತು ಫೀಲರ್ ಗೇಜಿನಿಂದ ನೋಡುವುದು, ವಾಲ್ವ್ ಸೀಟುಗಳನ್ನು ಹೊಸದಾಗಿ ಕೊರೆಸುವುದು, ಗಾಳಿಯ ದಾರಿಯಲ್ಲಿ ಎರಕದ ಉಬ್ಬುಗಳನ್ನು ಮಾತ್ರ ನಯಮಾಡುವುದು, ನಾಲ್ಕು ಕೋಣೆಗಳನ್ನೂ ಸಮಗೊಳಿಸುವುದು. ಉಳಿದ ಹಣ ಬ್ರೇಕಿಗೆ, ಟೈರಿಗೆ, ಒಳ್ಳೆಯ ಹೆಲ್ಮೆಟ್ಟಿಗೆ.

ದೊಡ್ಡದೆಲ್ಲವೂ ಉತ್ತಮವಲ್ಲ, ಕೆಲಸಕ್ಕೆ ಒಪ್ಪುವುದೇ ಉತ್ತಮ. ಎಲ್ಲಿ ಓಡಬೇಕು, ಎಷ್ಟು ಸುತ್ತಿನಲ್ಲಿ ಓಡಬೇಕು, ಯಾವ ಪೆಟ್ರೋಲಿನಲ್ಲಿ, ಯಾವ ಗಾಳಿಯಲ್ಲಿ ಓಡಬೇಕು ಎಂಬ ಪ್ರಶ್ನೆಗಳಿಗೆ ಮೊದಲು ಉತ್ತರ ಬರೆದುಕೊಂಡವನಿಗೆ ಅಂಗಡಿಯವನ ಮಾತು ದಾರಿ ತಪ್ಪಿಸಲಾರದು.