ಎಸ್ಟಿಮೇಟ್ ಚೀಟಿ ಬಿಲ್ ಅಲ್ಲ: ಜೋಡಿಸಿದ ಕಂಪ್ಯೂಟರ್ ತಾನಾಗಿ ಬಂದ್ ಆದಾಗ

ಹೊಲದ ಪಾಲು, ಪಹಣಿ ತಿದ್ದುಪಡಿ, ಚೆಕ್ ಬೌನ್ಸ್: ಶಹಾಪುರದಂಥ ತಾಲೂಕು ಕೋರ್ಟಿನ ವಕೀಲನಿಗೆ ಅನ್ನ ಹಾಕುವ ಕೇಸುಗಳು ಇವು. ಈಚೆಗೆ ಕಂಪ್ಯೂಟರ್ ಕ್ಯಾಬಿನೆಟ್ಟನ್ನು ಬೈಕಿಗೆ ಕಟ್ಟಿಕೊಂಡು ಬರುವ ಹುಡುಗರೂ ಸೇರಿದ್ದಾರೆ. ಗೋಗಿಯ ಒಬ್ಬನ ಕಥೆ ಹೇಳಿದರೆ ಸಾಕು, ಉಳಿದವರದೂ ಹೆಚ್ಚುಕಡಿಮೆ ಅದೇ. ಹತ್ತಿ ಮಾರಿದ ದುಡ್ಡಿನಲ್ಲಿ ಅಪ್ಪ ಕೊಟ್ಟಷ್ಟಕ್ಕೆ ತನ್ನದೂ ಸ್ವಲ್ಪ ಸೇರಿಸಿ, ಒಂದೊಂದೇ ಪಾರ್ಟು ತಂದು ಮನೆಯಲ್ಲೇ ಗೇಮಿಂಗ್ ಕಂಪ್ಯೂಟರ್ ಜೋಡಿಸಿದ್ದ. ಸಿನಿಮಾ ಹಚ್ಚಿದರೆ ಗಂಟೆಗಟ್ಟಲೆ ನಡೆಯುತ್ತದೆ. ಆಟ ಹಚ್ಚಿದರೆ ಕಾಲು ಗಂಟೆಯೊಳಗೆ ಫ್ಯಾನು, ಲೈಟು, ಪರದೆ ಎಲ್ಲ ಒಮ್ಮೆಲೇ ಬಂದ್.

ಅಂಗಡಿಗೆ ಒಯ್ದರೆ, “ನಿಮ್ಮೂರಾಗ ಕರೆಂಟ್ ಸರಿ ಇಲ್ಲ, ನಾವೇನ್ ಮಾಡಾಮು?” ಲೈನ್‌ಮನ್‌ಗೆ ಕೇಳಿದರೆ, “ಲೈನ್ ಭೇಷ್ ಅದ, ನಿನ್ನ ಮಷೀನೇ ಖರಾಬ್ ಅದ.” ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದರೆ, ಇನ್‌ವಾಯ್ಸ್ ಕಳಿಸಿ ಎನ್ನುತ್ತಾರೆ. ಅವನು ನನ್ನ ಮೇಜಿನ ಮೇಲೆ ಇಟ್ಟದ್ದು ಒಂದು ಅರ್ಧ ಹಾಳೆ. ಮೇಲೆ ‘ಎಸ್ಟಿಮೇಟ್’ ಎಂದು ಅಚ್ಚಾಗಿತ್ತು. ಅಂಗಡಿಯ ಹೆಸರಿಲ್ಲ, ಜಿಎಸ್‌ಟಿ ನಂಬರಿಲ್ಲ. ‘ಎಸ್‌ಎಂಪಿಎಸ್ 650 – 1’ ಎಂದು ನೀಲಿ ಪೆನ್ನಿನಲ್ಲಿ ಬರೆದು ಎದುರಿಗೆ ಒಂದು ಮೊತ್ತ. ಎಸ್‌ಎಂಪಿಎಸ್ ಎಂದರೆ ಎಲ್ಲ ಪಾರ್ಟುಗಳಿಗೆ ಕರೆಂಟ್ ಹಂಚುವ ಡಬ್ಬಿ. ಕೆಳಗೆ ಮಾತ್ರ ಸೀಲು ಚೊಕ್ಕಾಗಿ ಬಿದ್ದಿತ್ತು: ಮಾರಿದ ಮಾಲು ವಾಪಸ್ ಇಲ್ಲ.

ಕಂಪನಿಯ ಸಿದ್ಧ ಕಂಪ್ಯೂಟರ್ ಕೆಟ್ಟರೆ ಹೊಣೆ ಒಂದೇ ಕಂಪನಿಯದು. ಜೋಡಿಸಿದ್ದರಲ್ಲಿ ಹಾಗಿಲ್ಲ. ಪ್ರೊಸೆಸರ್ ಒಬ್ಬರದು, ಮದರ್‌ಬೋರ್ಡ್ ಇನ್ನೊಬ್ಬರದು, ಗ್ರಾಫಿಕ್ಸ್ ಕಾರ್ಡ್, ರ್‍ಯಾಮ್, ಎಸ್‌ಎಂಪಿಎಸ್ ಮತ್ತೊಬ್ಬರದು. ಪ್ರತಿಯೊಂದಕ್ಕೂ ಬೇರೆ ವಾರಂಟಿ, ಬೇರೆ ಅವಧಿ. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವುದಕ್ಕೆ ಇದಕ್ಕಿಂತ ಅನುಕೂಲದ ವಸ್ತು ಇಲ್ಲ. ಕುಂದು ಇದೆಯೆಂದು ಸಾಬೀತು ಮಾಡುವ ಹೊಣೆ ದೂರುದಾರನದೇ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಹಾಗಾಗಿ ನೀವು ಎರಡು ಸಂಗತಿ ತೋರಿಸಬೇಕು: ಕೆಟ್ಟದ್ದು ಈ ಪಾರ್ಟು, ಅದನ್ನು ನನಗೆ ಮಾರಿದ್ದು ಈ ಅಂಗಡಿ. ಮೊದಲನೆಯದನ್ನು ಲ್ಯಾಬಿನಲ್ಲಾದರೂ ಪರೀಕ್ಷೆ ಮಾಡಿಸಬಹುದು. ಎರಡನೆಯದಕ್ಕೆ ಕಾಗದವೇ ಬೇಕು.

ನಮ್ಮವರು ಸೋಲುವುದು ಇಲ್ಲೇ, ಅದೂ ಮಾಲು ಕೊಂಡ ದಿನವೇ. ಕಲಬುರಗಿಯಿರಲಿ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಇರಲಿ, ಬೆಂಗಳೂರಿನ ಎಸ್.ಪಿ. ರೋಡ್ ಇರಲಿ, “ಬಿಲ್ ಬೇಕಂದ್ರ 18 ಪರ್ಸೆಂಟ್ ಬ್ಯಾರೆ ಆಗ್ತದ, ಬ್ಯಾಡಂದ್ರ ಇದೇ ರೇಟಿಗಿ ಒಯ್ರಿ” ಎನ್ನುವವರು ಎಲ್ಲ ಕಡೆ ಸಿಗುತ್ತಾರೆ. 18 ಪರ್ಸೆಂಟ್ ಉಳಿಯಿತೆಂದು ನಾವು ಹಿಗ್ಗುತ್ತೇವೆ. ಉಳಿದದ್ದು ಅಂಗಡಿಯವನಿಗೆ. ಅವನ ಲೆಕ್ಕದಲ್ಲಿ ಆ ಮಾರಾಟವೇ ನಡೆದಿಲ್ಲ, ನಿಮ್ಮ ಹೆಸರೂ ಇಲ್ಲ, ನಾಳೆ ಹೊಣೆಯೂ ಇಲ್ಲ.

ಪಕ್ಕಾ ಬಿಲ್ ಎಂದರೆ ಅಂಗಡಿಯ ಹೆಸರು, ವಿಳಾಸ, 15 ಅಕ್ಷರ-ಅಂಕಿಗಳ ಜಿಎಸ್‌ಟಿ ನಂಬರು, ಬಿಲ್ ಸಂಖ್ಯೆ, ತಾರೀಕು ಇರುವ ಟ್ಯಾಕ್ಸ್ ಇನ್‌ವಾಯ್ಸ್. ಅಷ್ಟಕ್ಕೇ ತೃಪ್ತರಾಗಬೇಡಿ. ಪ್ರತಿ ಪಾರ್ಟಿನ ಮುಂದೆ ಅದರ ಸೀರಿಯಲ್ ನಂಬರ್ ಬರೆಸಿ. ಸೀರಿಯಲ್ ನಂಬರ್ ಇಲ್ಲದ ಬಿಲ್ಲು ನೀವು ಒಂದು ಎಸ್‌ಎಂಪಿಎಸ್ ಕೊಂಡಿರಿ ಎಂದಷ್ಟೇ ಹೇಳುತ್ತದೆ, ಇದೇ ಎಸ್‌ಎಂಪಿಎಸ್ ಎಂದು ಹೇಳುವುದಿಲ್ಲ. “ಇದು ನಮ್ಮಲ್ಲಿ ಒಯ್ದ ಮಾಲೇ ಅಲ್ಲ” ಎಂದು ಗ್ರಾಹಕ ಆಯೋಗದ ಮುಂದೆ ಅವನು ಅಂದರೆ ನಿಮ್ಮ ಬಾಯಿ ಕಟ್ಟುತ್ತದೆ. ಬಿಲ್ಲು ನಿಮ್ಮ ಹೆಸರಿನಲ್ಲೇ ಇರಲಿ. ಊರಿನ ಪರಿಚಯದವನು ‘ನಾ ತಂದು ಕೊಡ್ತೀನಿ’ ಎಂದು ತನ್ನ ಹೆಸರಿಗೆ ಬಿಲ್ ಮಾಡಿಸಿ ನಡುವೆ ಕಮಿಷನ್ ತಿನ್ನುತ್ತಾನೆ. ಕೆಟ್ಟ ದಿನ ಅವನ ಫೋನು ಸ್ವಿಚ್ ಆಫ್. ಬಾಕ್ಸುಗಳನ್ನು ರದ್ದಿಗೆ ಹಾಕಬೇಡಿ. ಆಮದು ಮಾಡಿದವರ ಹೆಸರು, ಎಂಆರ್‌ಪಿ, ಗ್ರಾಹಕ ಸೇವೆಯ ವಿಳಾಸ ಅದರ ಮೇಲಿನ ಸ್ಟಿಕ್ಕರಿನಲ್ಲಿ ಇರುತ್ತವೆ, ಸೀರಿಯಲ್ ನಂಬರೂ ಇರುತ್ತದೆ. ಪ್ರೊಸೆಸರನ್ನು ಬಾಕ್ಸಿಲ್ಲದೆ ಬಿಡಿಯಾಗಿ, ಅಗ್ಗಕ್ಕೆ ಕೊಟ್ಟರೆ ಅದಕ್ಕೆ ಕಂಪನಿಯ ನೇರ ವಾರಂಟಿ ಸಾಮಾನ್ಯವಾಗಿ ಇರುವುದಿಲ್ಲ. ಅಂಗಡಿಯವನ ಬಾಯಿಮಾತೇ ವಾರಂಟಿ.

ಆಗಲೇ ಎಸ್ಟಿಮೇಟ್ ಚೀಟಿ ತಂದಾಗಿದ್ದರೆ? ಕೈಚೆಲ್ಲಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಳ್ಳಲು ಒಪ್ಪದಿರುವುದೂ ಅದೇ ಸಾಲಿಗೆ ಸೇರುತ್ತದೆ. ‘ವಾಪಸ್ ಇಲ್ಲ’ ಎಂಬ ಆ ಸೀಲು ಕಾಯ್ದೆಗಿಂತ ದೊಡ್ಡದಲ್ಲ. ಆದರೆ ಆ ಅಂಗಡಿಗೆ ದುಡ್ಡು ಕೊಟ್ಟಿರಿ ಎಂದು ತೋರಿಸಲೇಬೇಕು. ಫೋನ್‌ಪೇ, ಗೂಗಲ್ ಪೇ ದಾಖಲೆ, ವಾಟ್ಸಾಪಿನಲ್ಲಿ ಅವನು ಕಳಿಸಿದ ರೇಟ್ ಪಟ್ಟಿ ಎಲ್ಲ ಉಳಿಸಿಕೊಳ್ಳಿ, ಚಾಟ್ ಅಳಿಸಬೇಡಿ, ಹಳೆ ಫೋನ್ ಮಾರಬೇಡಿ. ಇಲ್ಲೂ ಒಂದು ಆಟ ನಡೆಯುತ್ತದೆ. ಅಂಗಡಿಯ ಕ್ಯೂಆರ್ ಬಿಟ್ಟು ಕೆಲಸದ ಹುಡುಗನ ನಂಬರಿಗೆ ಹಾಕಿಸಿಕೊಳ್ಳುತ್ತಾರೆ. ಹಾಗೆ ಕೇಳಿದ ಕ್ಷಣವೇ ಆ ಅಂಗಡಿಯಿಂದ ಹೊರಗೆ ಬನ್ನಿ.

ಇನ್ನು ಕೆಟ್ಟದ್ದು ಯಾವುದು ಎಂಬ ಪ್ರಶ್ನೆ. ವಕೀಲನಿಗೇಕೆ ಈ ಉಸಾಬರಿ ಎನ್ನಬೇಡಿ. ತಪ್ಪು ಪಾರ್ಟಿನ ಮೇಲೆ ದೂರು ಹಾಕಿದರೆ ಕೇಸು ಅಲ್ಲಿಗೇ ಮುಗಿಯಿತು.

ಯುಪಿಎಸ್‌ನಿಂದ ಶುರು ಮಾಡಿ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವುದು 600 ವಿಎ ಯುಪಿಎಸ್. ಅದು ಎಳೆಯುವ ಭಾರ ಸಾಮಾನ್ಯವಾಗಿ 360 ವಾಟ್. ಗ್ರಾಫಿಕ್ಸ್ ಕಾರ್ಡು, ಪ್ರೊಸೆಸರು, ಮಾನಿಟರು ಸೇರಿ ಆಟದ ಹೊತ್ತಿಗೆ ಅದನ್ನು ಮೀರಿದರೆ ಯುಪಿಎಸ್ ಕೈ ಎತ್ತುತ್ತದೆ. ಇದು ಯಾರ ದೋಷವೂ ಅಲ್ಲ, ದೂರು ಹಾಕಿದರೆ ನಗೆಪಾಟಲು. ಒಳ್ಳೆಯ ಅರ್ಥಿಂಗ್ ಇರುವ ಸಾಕೆಟ್ಟಿಗೆ ನೇರವಾಗಿ ಹಾಕಿ ನೋಡಿ. ಬೇರೆ ಓಣಿಯ, ಬೇರೆ ಟ್ರಾನ್ಸ್‌ಫಾರ್ಮರಿನ ಮನೆಗೆ ಒಯ್ದು ಅದೇ ಆಟ ಹಚ್ಚಿ, ವಿಡಿಯೋ ಮಾಡಿ. ಅಲ್ಲೂ ಬಂದ್ ಆದರೆ ‘ನಿಮ್ಮೂರ ಕರೆಂಟ್’ ಎಂಬ ಅಂಗಡಿಯವನ ಮಾತಿಗೆ ಅರ್ಧ ಉತ್ತರ ಸಿಕ್ಕಂತೆ.

ಬಿಸಿಯದು ಬೇರೆಯೇ ಕಥೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು, ಮೇಲೆ ತಗಡಿನ ಮಾಳಿಗೆ. ಇಂದಿನ ಬಹುತೇಕ ಪ್ರೊಸೆಸರುಗಳು 95ರಿಂದ 100 ಡಿಗ್ರಿ ಮುಟ್ಟುವಾಗ ವೇಗ ತಗ್ಗಿಸಿಕೊಳ್ಳುತ್ತವೆ, ಅದನ್ನೂ ಮೀರಿದರೆ ಸುಟ್ಟುಹೋಗದಿರಲೆಂದು ಬಂದ್ ಆಗುತ್ತವೆ. ಧೂಳು ತುಂಬಿದ್ದರೆ, ಥರ್ಮಲ್ ಪೇಸ್ಟ್ ಒಣಗಿದ್ದರೆ ತಪ್ಪು ಪಾರ್ಟಿನದಲ್ಲ, ನಿಗಾ ಇಡದವನದು. ಕೂಲರ್ ಅಡಿಯ ಪ್ಲಾಸ್ಟಿಕ್ ಹಾಳೆ ತೆಗೆಯದೆ ಕೂರಿಸಿದ್ದರೆ ತಪ್ಪು ಜೋಡಿಸಿದವನದು. ದುಡ್ಡು ತೆಗೆದುಕೊಂಡು ಜೋಡಿಸಿದ್ದರೆ ಅವನ ಮೇಲೆ ಸೇವಾ ನ್ಯೂನತೆಯ ದೂರು ಹಾಕಬಹುದು. ಗೆಳೆಯ ಪುಕ್ಕಟೆ ಜೋಡಿಸಿ ಕೊಟ್ಟಿದ್ದರೆ ಕಾಯ್ದೆ ಅದನ್ನು ಸೇವೆ ಎಂದೇ ಎಣಿಸುವುದಿಲ್ಲ. ಚಹಾ ಕುಡಿಸಿದ್ದಕ್ಕೆ ರಸೀದಿ ಇರುವುದಿಲ್ಲವಲ್ಲ.

ಬಿಸಿ ಸರಿಯಿದ್ದೂ, ನೀಲಿ ಪರದೆಯೂ ಬಾರದೆ, ಭಾರ ಬಿದ್ದಾಗಲೇ ಫಕ್ಕನೆ ಆರಿದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ. ಅಂಥದೇ ಸಾಮರ್ಥ್ಯದ, ಸರಿಯಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿಸಿ ನೋಡಿ. ಅದರಲ್ಲಿ ಗಂಟೆಗಟ್ಟಲೆ ಆಟ ನಡೆದರೆ ಕಳ್ಳ ಸಿಕ್ಕ. ವಿಂಡೋಸಿನ ಈವೆಂಟ್ ವ್ಯೂಯರ್‌ನಲ್ಲಿ ‘ಕರ್ನಲ್ ಪವರ್ 41’ ಎಂದು ಬಂದದ್ದನ್ನು ಪ್ರಿಂಟ್ ಹಾಕಿಸಿ ತರುತ್ತಾರೆ. ಕಂಪ್ಯೂಟರ್ ಸರಿಯಾಗಿ ಬಂದ್ ಆಗದೆ ಮತ್ತೆ ಶುರುವಾಯಿತು ಎಂದಷ್ಟೇ ಅದು ಹೇಳುತ್ತದೆ, ಕಾರಣ ಹೇಳುವುದಿಲ್ಲ. ತಾರೀಕು, ಹೊತ್ತು ತೋರಿಸಲು ಬಳಕೆಗೆ ಬರುತ್ತದೆ, ಇಟ್ಟುಕೊಳ್ಳಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ವಾರಂಟಿ ಹೋಗುವುದಿರಲಿ, ಪ್ಲಗ್ ಕಿತ್ತ ಮೇಲೂ ಒಳಗೆ ಪ್ರಾಣ ತೆಗೆಯುವಷ್ಟು ಕರೆಂಟ್ ಉಳಿದಿರುತ್ತದೆ. ಓವರ್‌ಕ್ಲಾಕ್ ಮಾಡಿದ್ದರೆ ಮೊದಲಿನ ಸ್ಥಿತಿಗೆ ತಂದು ಪರೀಕ್ಷಿಸಿ.

ಎಸ್‌ಎಂಪಿಎಸ್ ತಾನು ಸಾಯುವಾಗ ಮದರ್‌ಬೋರ್ಡು, ಗ್ರಾಫಿಕ್ಸ್ ಕಾರ್ಡುಗಳನ್ನೂ ಸುಟ್ಟು ಹೋಗುವುದುಂಟು. ಆಗ ಎಸ್‌ಎಂಪಿಎಸ್ ಬದಲಿಸಿ ಕೊಟ್ಟು ಕೈ ತೊಳೆದುಕೊಳ್ಳಲು ಕಂಪನಿ ನೋಡುತ್ತದೆ. ಕಾಯ್ದೆಯ ಉತ್ಪನ್ನ ಹೊಣೆಗಾರಿಕೆ ಅಧ್ಯಾಯದಲ್ಲಿ, ಆ ವಸ್ತುವನ್ನು ಬಿಟ್ಟು ನಿಮ್ಮ ಬೇರೆ ಆಸ್ತಿಗೆ ಆದ ಹಾನಿಗೂ ಪರಿಹಾರ ಕೇಳಬಹುದು. ಕೇಳದಿದ್ದರೆ ಯಾರೂ ಕೊಡುವುದಿಲ್ಲ. ಆದರೆ ವಸ್ತುವನ್ನು ದುರ್ಬಳಕೆ ಮಾಡಿದ್ದರೆ, ಮಾರ್ಪಡಿಸಿದ್ದರೆ ಮಾರಿದವನ ಮೇಲೆ ಈ ಹೊಣೆ ಹೊರಿಸಲಾಗದು. ಡಬ್ಬಿ ಬಿಚ್ಚಬೇಡಿ ಎಂದದ್ದು ಇದಕ್ಕೂ ಸೇರಿಯೇ.

ರಿಪೇರಿಗೆ ಕೊಡುವಾಗ ಇಡೀ ಕ್ಯಾಬಿನೆಟ್ಟನ್ನು ‘ನೋಡ್ರಿ ಅಣ್ಣಾ’ ಎಂದು ಬಿಟ್ಟು ಬರಬೇಡಿ. ಜಾಬ್ ಶೀಟ್ ಕೇಳಿ. ಅದರಲ್ಲಿ ‘ಚೆಕಿಂಗ್’ ಎಂದು ಒಂದೇ ಪದ ಗೀಚಿದರೆ ಒಪ್ಪಬೇಡಿ. ‘ಆಟದ ವೇಳೆ ತಾನಾಗಿ ಬಂದ್’ ಎಂಬ ದೂರು, ಒಳಗಿರುವ ಪಾರ್ಟುಗಳ ಸೀರಿಯಲ್ ನಂಬರು, ತಾರೀಕು, ಸಹಿ ಇರಲಿ. ಕೊಡದಿದ್ದರೆ ಅವನೆದುರಿಗೇ ಸ್ಟಿಕ್ಕರುಗಳ ಫೋಟೋ ತೆಗೆದು ಅವನ ವಾಟ್ಸಾಪಿಗೇ ಕಳಿಸಿ. ಒಳ್ಳೆಯ ರ್‍ಯಾಮ್ ಹೋಗಿ ಹಳೆಯದು ಬಂದ ಮೇಲೆ ನನ್ನ ಬಳಿ ಬಂದು ಅತ್ತವರಿದ್ದಾರೆ. ಸೀರಿಯಲ್ ನಂಬರೇ ಇಲ್ಲದೆ ನಾನು ಯಾರನ್ನು ಹಿಡಿಯಲಿ?

‘ಮುಂದಿನ ವಾರ ಬರ್ರಿ’ ಎಂಬ ಮಾತಿಗೂ ಒಂದು ಲೆಕ್ಕವಿದೆ. ವ್ಯಾಜ್ಯಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಹಾಕಬೇಕು. ಅವನ ಜೊತೆಗಿನ ಪತ್ರ, ಫೋನುಗಳಿಂದ ಆ ಗಡುವು ಬೆಳೆಯುವುದಿಲ್ಲ. ತಡವಾದರೆ ಸಕಾರಣ ತೋರಿಸಿ ಆಯೋಗವನ್ನು ಒಪ್ಪಿಸಬೇಕು, ಅದು ಒಪ್ಪಿದರೆ ಉಂಟು.

ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದೊಡ್ಡ ಕಂಪನಿಗಳು ಅಲ್ಲಿಂದ ಹೋದ ದೂರಿಗೆ ಕೆಲವೊಮ್ಮೆ ಬಗ್ಗುತ್ತವೆ, ಗಲ್ಲಿಯ ಅಂಗಡಿ ಬಗ್ಗುವುದು ಕಡಿಮೆ. ಆನ್‌ಲೈನಿನಲ್ಲಿ ಕೊಂಡಿದ್ದರೆ, 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆ ಜಾಲತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದನ್ನು ತಿಳಿಸಿ ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ನಂತರ ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟಿಸ್. ಕಾಯ್ದೆ ಅದನ್ನು ಕಡ್ಡಾಯ ಮಾಡಿಲ್ಲ, ಆದರೂ ಕಳಿಸಿ. ಕಚೇರಿ ಬಾಗಿಲಲ್ಲಿ ನಿಂತು ನೋಟಿಸಿಗೆ ಇಷ್ಟು, ಅರ್ಜಿಗೆ ಇಷ್ಟು, ‘ಸಾಹೇಬರಿಗೆ’ ಇಷ್ಟು ಎಂದು ಪಟ್ಟಿ ಓದುವವರಿದ್ದಾರೆ. ಒಂದು ಪೈಸೆ ಕೊಡಬೇಡಿ. ನಿಮ್ಮ ಅಕ್ಷರದಲ್ಲಿ, ನಿಮ್ಮ ಕನ್ನಡದಲ್ಲಿ ಬರೆದರೂ ಅದು ನೋಟಿಸೇ.

ದೂರು ಜಿಲ್ಲಾ ಗ್ರಾಹಕ ಆಯೋಗಕ್ಕೆ. ಮಾಲು ಬೆಂಗಳೂರಿನಲ್ಲಿ ಕೊಂಡಿದ್ದರೂ ಅಲ್ಲಿಗೆ ಅಲೆಯಬೇಕಿಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಲು ಹೊಸ ಕಾಯ್ದೆ ಅವಕಾಶ ಕೊಟ್ಟಿದೆ. ಗುಮಾಸ್ತರು ‘ಅಂಗಡಿ ಇರೋ ಕಡೆ ಹೋಗ್ರಿ’ ಎಂದರೆ 34ನೆಯ ಕಲಮು ಎನ್ನಿ. 5 ಲಕ್ಷದವರೆಗೆ ಕೊಟ್ಟ ಬೆಲೆಗೆ ಶುಲ್ಕ ಇಲ್ಲ. ವಕೀಲರೂ ಕಡ್ಡಾಯವಲ್ಲ, ಇದನ್ನು ವಕೀಲನೇ ಹೇಳುತ್ತಿದ್ದೇನೆ. ಹುಡುಗನಿಗೆ 18 ತುಂಬಿಲ್ಲದಿದ್ದರೆ ತಂದೆ ತಾಯಿ ಹಾಕಬೇಕು. ಅಂಗಡಿಯವನಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15. ಅದಕ್ಕಿಂತ ಒಂದು ದಿನವೂ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಪರೀಕ್ಷೆ ಬೇಕಿಲ್ಲದ ಕೇಸು ಮೂರು ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದದ್ದು ಐದು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆಯಲ್ಲಿದೆ. ಕಾಯ್ದೆಯಲ್ಲಿದೆ, ಅಷ್ಟೇ. ಲ್ಯಾಬಿನ ಖರ್ಚನ್ನು ಮೊದಲು ನಿಮ್ಮಿಂದಲೇ ಕಟ್ಟಿಸಬಹುದು. ಎಸ್‌ಎಂಪಿಎಸ್ ಬೆಲೆಗಿಂತ ಅದೇ ಹೆಚ್ಚಾಗುವಂತಿದ್ದರೆ ಹೊಸದು ಕೊಂಡು ಸುಮ್ಮನಾಗಿ ಎಂದೇ ನಾನು ಹೇಳುವುದು.

ಅದೇ ಕಂಪ್ಯೂಟರನ್ನು ಗೇಮಿಂಗ್ ಸೆಂಟರಿನಲ್ಲಿ ಗಂಟೆಗಿಷ್ಟು ಎಂದು ಬಾಡಿಗೆಗೆ ಬಿಟ್ಟಿದ್ದರೆ ‘ವಾಣಿಜ್ಯ ಉದ್ದೇಶ’ ಎಂದು ದೂರು ತಳ್ಳಿಹೋಗಬಹುದು. ಹೊಟ್ಟೆಪಾಡಿಗೆ ನೀವೇ ಕೂತು ನಡೆಸುತ್ತಿದ್ದರೆ ಬಚಾವಾದೀರಿ, ಆದರೆ ಅದನ್ನು ದೂರಿನ ಮೊದಲ ಪುಟದಲ್ಲೇ ಬರೆಯಿರಿ.

ದೋಷ ನಿಜಕ್ಕೂ ಕರೆಂಟಿನದೇ ಆಗಿದ್ದರೆ ಎದುರಾಳಿ ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂ. ಮನೆಗೆ 230 ವೋಲ್ಟ್ ಬರಬೇಕು, ಆರು ಪರ್ಸೆಂಟ್ ಹೆಚ್ಚುಕಡಿಮೆಗೆ ರಿಯಾಯಿತಿ. ಎಂದರೆ ಸುಮಾರು 216ರಿಂದ 244. ಎಲೆಕ್ಟ್ರಿಷಿಯನ್‌ನಿಂದ ಸಂಜೆ ಹೊತ್ತು ಅಳೆಸಿ, ಮೀಟರಿನ ಫೋಟೋ ಇಟ್ಟುಕೊಳ್ಳಿ. ಲೈನ್‌ಮನ್‌ಗೆ ಹೇಳಿದ್ದು ದೂರಲ್ಲ. 1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ, ಸೆಕ್ಷನ್ ಆಫೀಸಿಗೆ ಲಿಖಿತ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲು ಅವರಿಗೆ ಕೈ ಏಳುವುದಿಲ್ಲ. ಆಗ ಅದನ್ನೇ ಅಂಚೆಯಲ್ಲಿ ಕಳಿಸಿ. ಅಲ್ಲಿಗೂ ಬಗ್ಗದಿದ್ದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ ಗ್ರಾಹಕ ಕುಂದುಕೊರತೆ ವೇದಿಕೆ, ಅದರ ಮೇಲೆ ಓಂಬುಡ್ಸ್‌ಮನ್. ಈ ದಾರಿ ಹಿಡಿದರೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿತು ಎಂದೇನಿಲ್ಲ.

ಗೆದ್ದ ಮೇಲೆ ನಮ್ಮವರು ಆದೇಶದ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಮನೆಗೆ ಹೋಗಿಬಿಡುತ್ತಾರೆ. ಎದುರಾಳಿ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಆದೇಶದ ಮೊತ್ತದ ಅರ್ಧ ಕಟ್ಟಿಯೇ ಹೋಗಬೇಕು. ಮೇಲ್ಮನವಿಯೂ ಇಲ್ಲ, ದುಡ್ಡೂ ಇಲ್ಲ ಎಂದಾದರೆ ಅದೇ ಆಯೋಗದಲ್ಲಿ 71ನೆಯ ಕಲಮಿನಡಿ ಜಾರಿ ಅರ್ಜಿ, 72ರಡಿ ಶಿಕ್ಷೆಯ ಅರ್ಜಿ ಹಾಕಿ. ಒಂದು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಜೈಲು ಅಥವಾ ಕನಿಷ್ಠ 25,000 ರೂಪಾಯಿ ದಂಡ ಅಲ್ಲಿದೆ. 72ರ ಸಮನ್ಸ್ ತಲುಪಿದ ಮೇಲೆ ಅಂಗಡಿಯವರು ತಾವಾಗಿಯೇ ಫೋನ್ ಮಾಡುತ್ತಾರೆ. ಆಗ ‘ಅರ್ಧಕ್ಕೆ ಮುಗಿಸೋಣ’ ಎಂದರೆ, ಪೂರ್ತಿ ದುಡ್ಡು ಬ್ಯಾಂಕ್ ಖಾತೆಗೆ ಬೀಳುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.