ಕೇಮನ್ ತಗೊಳ್ಳಲೋ, ಎಂ2 ತಗೊಳ್ಳಲೋ

ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳುವವರ ಜೊತೆ ಹೋಗಿ, ಕಾರು ನೋಡಿ, ಓಡಿಸಿ, ‘ತಗೊಳ್ಳಿ’ ಅಥವಾ ‘ಬಿಡಿ’ ಎಂದು ಹೇಳುವುದು ನನ್ನ ಕಸುಬು. ಫೋನೆತ್ತಿದ ಕೂಡಲೇ ಬರುವ ಪ್ರಶ್ನೆ ಒಂದೇ: ‘ಸರ್, ಕೇಮನ್ನೋ ಎಂ2ವೋ?’ ಪೋರ್ಷೆಯ 718 ಕೇಮನ್, ಬಿಎಂಡಬ್ಲ್ಯುವಿನ ಎಂ2. ಬಳಸಿದ ಕಾರುಗಳ ಪೇಟೆಯಲ್ಲಿ ಇವೆರಡರ ಬೆಲೆ ಆಗಾಗ ಹತ್ತಿರ ಹತ್ತಿರ ಬಂದು ನಿಲ್ಲುತ್ತದೆ, ಗೊಂದಲ ಹುಟ್ಟುವುದು ಅಲ್ಲಿಂದ. ಎರಡೂ ಜರ್ಮನ್ ಹೆಸರು (ಈಗಿನ ಎಂ2 ತಯಾರಾಗುವುದು ಮೆಕ್ಸಿಕೋದಲ್ಲಿ, ಅದು ಬೇರೆ ಮಾತು), ಎರಡೂ ಹಿಂದಿನ ಚಕ್ರದ ಬಲದಲ್ಲಿ ಓಡುವಂಥವು. ಹೋಲಿಕೆ ಅಷ್ಟಕ್ಕೇ ಮುಗಿಯಿತು. ಒಂದರಲ್ಲಿ ಇಂಜಿನ್ ನಿಮ್ಮ ಬೆನ್ನ ಹಿಂದೆ, ಇರುವುದು ಎರಡೇ ಸೀಟು. ಇನ್ನೊಂದರಲ್ಲಿ ಇಂಜಿನ್ ಮುಂದೆ, ಸೀಟು ನಾಲ್ಕು. ಯಾವುದು ಮೇಲು ಎಂದು ಕೇಳಿದವರನ್ನು ನಾನು ತಿರುಗಿ ಕೇಳುತ್ತೇನೆ: ಭಾನುವಾರ ಬೆಳಿಗ್ಗೆ ಯಾವ ರಸ್ತೆಗೆ ಹೋಗ್ತೀರಿ, ಜೊತೆಗೆ ಯಾರಿರ್ತಾರೆ?

1. ಕಾರು ನೋಡುವ ಮೊದಲು ಮನೆಯ ರ‍್ಯಾಂಪ್ ನೋಡಿ

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಯುವ ರ‍್ಯಾಂಪ್ ಮುಗಿದು ನೆಲ ಸಮವಾಗುವ ಜಾಗದಲ್ಲಿ ಮೂತಿ ತಗಲುತ್ತದೆ, ರ‍್ಯಾಂಪ್ ಹತ್ತಿ ರಸ್ತೆಗೆ ಬರುವ ಏಣಿನಲ್ಲಿ ಹೊಟ್ಟೆ ಉಜ್ಜುತ್ತದೆ. ಗ್ರೌಂಡ್ ಕ್ಲಿಯರೆನ್ಸ್ ಎಷ್ಟು ಮಿಲಿಮೀಟರ್ ಎಂದು ಎಲ್ಲರೂ ಕೇಳುತ್ತಾರೆ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಕೇಮನ್‌ನಲ್ಲಿ ಅದು 2,475 ಮಿಲಿಮೀಟರ್, 2023ರಲ್ಲಿ ಬಂದ ಎಂ2ನಲ್ಲಿ 2,747. ಈ ಅಂತರ ಜಾಸ್ತಿಯಾದಷ್ಟೂ ನಡುಹೊಟ್ಟೆ ಹಂಪ್‌ಗೆ ಹತ್ತಿರವಾಗುತ್ತದೆ. ಸ್ಪೀಡ್ ಬ್ರೇಕರ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ ಹೇಳುತ್ತದೆ. ನಮ್ಮ ಬಡಾವಣೆಗಳಲ್ಲಿ ಉಳಿದ ಸಿಮೆಂಟನ್ನು ಸುರಿದು ರಾತ್ರೋರಾತ್ರಿ ಎಬ್ಬಿಸಿದ ದಿಬ್ಬಗಳಿಗೆ ಆ ಪುಸ್ತಕ ಓದಿ ಗೊತ್ತಿಲ್ಲ. ಎಂ2ನಲ್ಲಿ ನಾಲ್ಕು ಜನ ಕೂತರಂತೂ ಕಾರು ಇನ್ನಷ್ಟು ಕುಗ್ಗುತ್ತದೆ. ಮಾರುವವರು ಒಪ್ಪಿದರೆ ಕಾರನ್ನು ನಿಮ್ಮ ಮನೆಗೇ ತರಿಸಿ, ರ‍್ಯಾಂಪ್ ಇಳಿಸಿ ಹತ್ತಿಸಿ ನೋಡಿ. ಒಪ್ಪದಿದ್ದರೆ ಅಡ್ವಾನ್ಸ್ ಕೊಡಬೇಡಿ.

2. 460 ದೊಡ್ಡದು, 300 ಚಿಕ್ಕದು. ಆದರೆ ಯಾವ ವೇಗದಲ್ಲಿ?

ಕೇಮನ್‌ನ ಎರಡು ಲೀಟರ್ ಟರ್ಬೊ ಇಂಜಿನ್ನಿಗೆ 300 ಅಶ್ವಶಕ್ತಿ. ಎಂ2ನ ಮೂರು ಲೀಟರ್, ಆರು ಸಿಲಿಂಡರಿನ ಇಂಜಿನ್ನಿಗೆ 460, ಆಮೇಲಿನದಕ್ಕೆ 480. ಕಂಪನಿಗಳ ಲೆಕ್ಕದಲ್ಲಿ ಸೊನ್ನೆಯಿಂದ ನೂರು ಮುಟ್ಟಲು ಪಿಡಿಕೆ ಗೇರ್‌ಬಾಕ್ಸಿನ ಕೇಮನ್‌ಗೆ 4.9 ಸೆಕೆಂಡ್, ಆಟೊಮ್ಯಾಟಿಕ್ ಎಂ2ಗೆ 4.1. ಈ ಮುಕ್ಕಾಲು ಸೆಕೆಂಡಿಗಾಗಿ ಅಣ್ಣತಮ್ಮಂದಿರು ಊಟದ ಮುಂದೆ ಜಗಳ ಕಾದದ್ದನ್ನು ಕಂಡಿದ್ದೇನೆ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲೂ ಮಿತಿ ಇರುವುದು ಗಂಟೆಗೆ 100 ಕಿಲೋಮೀಟರ್. ಅದಕ್ಕೆ ಕ್ಯಾಮೆರಾ ಕಾವಲಿದೆ. ಆದ್ದರಿಂದ ನಾನು ನೋಡುವುದು ಈ ಕಾರು 40ರಿಂದ 80ರೊಳಗೆ ಏನು ಕೊಡುತ್ತದೆ ಎನ್ನುವುದನ್ನು. ಅಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಎಂ2 ಅಷ್ಟು ವೇಗದಲ್ಲಿ ಇನ್ನೂ ಆಕಳಿಸುತ್ತಿರುತ್ತದೆ. ಕಾಲು ಒತ್ತಿದರೆ 550 ನ್ಯೂಟನ್ ಮೀಟರ್ ಎಳೆತ ಒಂದೇ ಸಲ ಮೈಮೇಲೆ ಬಿದ್ದು, ಖುಷಿ ಪಡುವ ಮೊದಲೇ ಮುಂದಿನ ಟ್ರಾಕ್ಟರ್ ಎದುರಿಗಿರುತ್ತದೆ. ಕೇಮನ್ ಐವತ್ತರಲ್ಲೇ ಮಾತಾಡಲು ಶುರುಮಾಡುತ್ತದೆ; ಟಾರಿನ ಮೇಲಿನ ಜಲ್ಲಿ ಸ್ಟೀರಿಂಗಿನಲ್ಲಿ ಕೈಗೆ ಸಿಗುತ್ತದೆ.

ಹಾಗೆಂದು ಪೋರ್ಷೆ ಎಂದ ಮಾತ್ರಕ್ಕೆ ಕಣ್ಣು ಮುಚ್ಚಬಾರದು. ಎಲ್ಲರೂ ಆಸೆಪಡುವ ಕೇಮನ್ ಜಿಟಿಎಸ್ 4.0ರಲ್ಲಿ ಟರ್ಬೊ ಇಲ್ಲದ ಆರು ಸಿಲಿಂಡರ್, 400 ಅಶ್ವಶಕ್ತಿ, ಕೂದಲು ನಿಲ್ಲಿಸುವ ಸದ್ದು. ಆದರೆ ಮ್ಯಾನ್ಯುಯಲ್ ಗೇರಿನದರಲ್ಲಿ ಗೇರುಗಳು ಎಷ್ಟು ಉದ್ದ ಎಂದರೆ ಎರಡನೆಯ ಗೇರಿನಲ್ಲೇ 130 ದಾಟುತ್ತದೆ. ಆ ಇಂಜಿನ್ನಿನ ಹಾಡು ಪೂರ್ತಿ ಕೇಳಬೇಕೆಂದರೆ ಕಾನೂನು ಮುರಿಯಬೇಕು, ಇಲ್ಲವೇ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಟ್ರ್ಯಾಕಿಗೋ ಹೋಗಬೇಕು. ಹೋಗುವವರಾದರೆ ಸರಿ. ಹೋಗದವರಿಗೆ ನಾಲ್ಕು ಸಿಲಿಂಡರಿನ ಸಾದಾ ಕೇಮನ್ ಸಾಕು; ಅದರ ಸದ್ದು ಒರಟು ಎನ್ನುವ ದೂರನ್ನು ನಾನೂ ಒಪ್ಪುತ್ತೇನೆ, ಆದರೆ ಅದು 2,000 ಆರ್‌ಪಿಎಂ ಹೊತ್ತಿಗೇ ಪೂರ್ತಿ ಬಲ ಕೊಡುತ್ತದೆ, ನಮ್ಮ ರಸ್ತೆಗೆ ಬೇಕಾದದ್ದು ಅದೇ.

3. ತೂಕ ಗೊತ್ತಾಗುವುದು ಘಾಟಿ ಇಳಿಯುವಾಗ

ಹತ್ತುವಾಗ ಎಲ್ಲ ಕಾರುಗಳೂ ಶೂರರೇ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯಿರಿ, ಆಗ ಹೇಳಿ. ಪಿಡಿಕೆ ಇರುವ ಕೇಮನ್ ಸುಮಾರು 1,365 ಕಿಲೋ, ಆಟೊಮ್ಯಾಟಿಕ್ ಎಂ2 ಸುಮಾರು 1,725. ಅಂದರೆ ಖಾಲಿ ಎಂ2ನಲ್ಲೇ ಕಣ್ಣಿಗೆ ಕಾಣದ ಐದು ಜನ ಹೆಚ್ಚಿಗೆ ಕೂತಂತೆ. ಒಂದೇ ವೇಗದಿಂದ ನಿಲ್ಲಿಸಲು ಎಂ2ನ ಬ್ರೇಕು ಕೇಮನ್‌ನದಕ್ಕಿಂತ ಕಾಲುಪಾಲಿಗೂ ತುಸು ಮಿಕ್ಕಿ ಹೆಚ್ಚು ಶಾಖ ನುಂಗಬೇಕು. ಅದರ ಡಿಸ್ಕುಗಳು ದೊಡ್ಡವು, ನುಂಗುತ್ತವೆ; ಆದರೆ ಪ್ಯಾಡಿನ ಖರ್ಚು ನಿಮ್ಮದು. ಘಾಟಿಯನ್ನೇ ಇಷ್ಟಪಡುವವರು ಇದನ್ನು ಕಾರಿನ ಬೆಲೆಯ ಜೊತೆಗೇ ಕೂಡಿಸಿಕೊಳ್ಳಬೇಕು.

ತಿರುವಿನಲ್ಲಿ ಇನ್ನೂ ಒಂದು ವ್ಯತ್ಯಾಸ. ಕೇಮನ್‌ನ ಇಂಜಿನ್ ಎರಡೂ ಆಕ್ಸಲ್‌ಗಳ ನಡುವೆ ಇರುವುದರಿಂದ ತೂಕವೆಲ್ಲ ಕಾರಿನ ನಡುಮಧ್ಯಕ್ಕೆ ಹತ್ತಿರ. ಸ್ಟೀರಿಂಗ್ ತಿರುಗಿಸಿದರೆ ಮೂತಿ ತಡಮಾಡದೆ ತಿರುಗುತ್ತದೆ. ಆಗುಂಬೆಯ ಹೇರ್‌ಪಿನ್‌ಗಳಲ್ಲಿ ಕಾರು ನಿಮ್ಮ ಸೊಂಟದ ಸುತ್ತ ತಿರುಗಿದ ಹಾಗೆ ಅನಿಸುತ್ತದೆ. ಎಂ2ನಲ್ಲಿ ಮೊದಲು ಬ್ರೇಕು, ಆಮೇಲೆ ಮೂತಿ, ಆಮೇಲೆ ಹಿಂಭಾಗ, ಹೀಗೆ ಹಂತ ಹಂತವಾಗಿ ಕೆಲಸ ಮಾಡಬೇಕು. ಅದರಲ್ಲೂ ಒಂದು ಸುಖ ಇದೆ. ಹಿಂಭಾಗ ಜಾರುವ ಮೊದಲು ಉದ್ದನೆಯ ಕಾರು ಒಂದಿಷ್ಟು ಮುನ್ಸೂಚನೆ ಕೊಡುತ್ತದೆ, ನಿಧಾನವಾಗಿ ಜಾರುತ್ತದೆ, ಸರಿಪಡಿಸಿಕೊಳ್ಳಲು ಸಮಯ ಬಿಡುತ್ತದೆ. ನಡುವೆ ಇಂಜಿನ್ ಇರುವ ಕಾರಿಗೆ ಹಿಡಿತ ಹೆಚ್ಚು; ಅದು ಬಿಟ್ಟುಹೋದಾಗ ಮಾತ್ರ ಗಿರಕ್ಕನೆ ತಿರುಗಿಬಿಡುತ್ತದೆ. ಮಳೆಗಾಲದಲ್ಲಿ ಪಾಚಿಗಟ್ಟಿದ ತಿರುವಿನ ನಡುವೆ ಗಾಬರಿಯಾಗಿ ಆಕ್ಸಿಲರೇಟರಿನಿಂದ ಕಾಲು ಕಿತ್ತರೆ ಕೇಮನ್ ಅದನ್ನು ಕ್ಷಮಿಸದಿರಬಹುದು. ಎಂ2ನಲ್ಲಿ ತಪ್ಪು ಉಲ್ಟಾ: ತಿರುವು ಮುಗಿಯುವ ಮೊದಲೇ ಕಾಲು ಒತ್ತುವುದು. ನಿಮ್ಮ ಕಾಲಿಗೆ ಯಾವ ಚಾಳಿ ಇದೆ ಎಂದು ನಿಮ್ಮ ಈಗಿನ ಕಾರಿನಲ್ಲೇ ಗಮನಿಸಿಕೊಂಡು ಬನ್ನಿ. ಎಲೆಕ್ಟ್ರಾನಿಕ್ ಕಾವಲು ಎರಡರಲ್ಲೂ ಚೆನ್ನಾಗಿದೆ. ಸಾರ್ವಜನಿಕ ರಸ್ತೆಯಲ್ಲಿ ಅದನ್ನು ಆಫ್ ಮಾಡುವವರ ಜೊತೆ ನಾನು ಕೂರುವುದಿಲ್ಲ.

4. ನೀವು ಹೋಲಿಸುತ್ತಿರುವುದು ಕಾರನ್ನೋ, ಟೈರನ್ನೋ?

ಹೊಸ ಟೈರಿನ ಎಂ2 ಓಡಿಸಿ, ಆರು ವರ್ಷದ ಟೈರಿನ ಕೇಮನ್ ಓಡಿಸಿ, ‘ಕೇಮನ್ ಗಡಸು, ಸದ್ದು ಜಾಸ್ತಿ’ ಎನ್ನುತ್ತಾರೆ. ಟೈರಿನ ಪಕ್ಕದಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ. ನಾಲ್ಕೂ ಚಕ್ರ ನೋಡಿ, ನಾಲ್ಕರಲ್ಲೂ ಒಂದೇ ಕಂಪನಿಯ, ಒಂದೇ ಮಾದರಿಯ ಟೈರು ಇದೆಯೇ ನೋಡಿ. ಹಿಂದೆ ಒಂದು ಬ್ರ್ಯಾಂಡು ಮುಂದೆ ಒಂದು ಬ್ರ್ಯಾಂಡು ಹಾಕಿದ ಸ್ಪೋರ್ಟ್ಸ್ ಕಾರಿನ ಮಾಲೀಕ ಇನ್ನೆಲ್ಲಿ ಉಳಿತಾಯ ಮಾಡಿರಬಹುದು ಎಂದು ಹುಡುಕಲು ಶುರುಮಾಡಿ.

ಗುಂಡಿಯ ಲೆಕ್ಕವೂ ಇಲ್ಲೇ. 18 ಇಂಚಿನ ಚಕ್ರದ ಕೇಮನ್‌ನ ಹಿಂದಿನ ಟೈರು 265/45, ಅಂದರೆ ಸೈಡ್‌ವಾಲ್ ಸುಮಾರು 119 ಮಿಲಿಮೀಟರ್. ಹೊಸ ಎಂ2ನ 20 ಇಂಚಿನ ಹಿಂದಿನ ಟೈರು 285/30, ಸುಮಾರು 86. ಗುಂಡಿಗೆ ಬಿದ್ದಾಗ ರಿಮ್ಮಿಗೂ ರಸ್ತೆಗೂ ನಡುವೆ ಇರುವುದು ಅಷ್ಟೇ ರಬ್ಬರು. ಕೇಮನ್‌ಗೂ 20 ಇಂಚಿನ ಚಕ್ರ ಹಾಕಿಸಿಕೊಂಡವರಿದ್ದಾರೆ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ. 18 ಇಂಚಿನದು ಸಿಕ್ಕರೆ ಚೌಕಾಸಿಯಲ್ಲಿ ಸ್ವಲ್ಪ ಸೋತರೂ ಪರವಾಗಿಲ್ಲ.

5. ಹಿಂದಿನ ಸೀಟಿನ ಬಗ್ಗೆ ಮನೆಯಲ್ಲಿ ಮೊದಲೇ ಮಾತಾಡಿ

ಗಂಡ ಕೇಮನ್‌ನ ಸ್ಟೀರಿಂಗ್ ಸವರುತ್ತಿರುವಾಗ ಹೆಂಡತಿ ಕೇಳುತ್ತಾರೆ: ‘ರೀ, ಮಗೂನ ಎಲ್ಲಿ ಕೂರ್ಸೋದು?’ ಈ ಪ್ರಶ್ನೆಗೆ ಪೋರ್ಷೆ ಎಂಜಿನಿಯರುಗಳ ಹತ್ತಿರ ಉತ್ತರವಿಲ್ಲ. ಎಂ2ನ ಹಿಂದಿನ ಸೀಟು ಆರಡಿ ಆಳಿಗೆ ಶಿಕ್ಷೆ, ಆದರೆ ಮಗುವಿನ ಸೀಟು ಕಟ್ಟಬಹುದು, ಅತ್ತೆಯವರನ್ನು ಮಲ್ಲೇಶ್ವರದಿಂದ ಜಯನಗರಕ್ಕೆ ಕರೆದೊಯ್ಯಬಹುದು. ಹಿಂದೆ 390 ಲೀಟರಿನ ಡಿಕ್ಕಿ. ಕೇಮನ್‌ನಲ್ಲಿ ಸಾಮಾನಿಗೆ ಜಾಗವಿಲ್ಲ ಎನ್ನುವುದು ಸುಳ್ಳು: ಮುಂದೆ 150 ಲೀಟರಿನ ಆಳದ ತೊಟ್ಟಿ, ಹಿಂದೆ ಇನ್ನೊಂದು ಡಿಕ್ಕಿ. ಇಬ್ಬರು ನಾಲ್ಕು ದಿನ ಚಿಕ್ಕಮಗಳೂರಿಗೆ ಹೋಗಿಬರಲು ಧಾರಾಳ ಸಾಕು. ಹಿಂದಿನದು ಇಂಜಿನ್ನಿನ ಬಿಸಿಗೆ ಹತ್ತಿರ, ಬೆಣ್ಣೆ ಬಿಸ್ಕತ್ತು ಅಲ್ಲಿಡಬೇಡಿ.

ಮನೆಯಲ್ಲಿ ಇನ್ನೊಂದು ಕಾರಿದ್ದರೆ ಕೇಮನ್, ಇದೊಂದೇ ಕಾರಾದರೆ ಎಂ2. ನನ್ನ ದುಡ್ಡಾದರೆ ಕಣ್ಣುಮುಚ್ಚಿ ಕೇಮನ್ ಎನ್ನುವ ನಾನೇ ಜನರಿಗೆ ಹೆಚ್ಚು ಸಲ ಹೇಳಿರುವುದು ಎಂ2 ಎಂದು, ಕಾರಣ ಇಷ್ಟೇ.

6. ಸುಮ್ಮನೆ ಅರ್ಧ ಗಂಟೆ ಕೂತಿರಿ

ಓಡಿಸಬೇಡಿ, ಕೂತಿರಿ. ಸೊಂಟ ನೋಯುತ್ತದೆಯೇ, ಕ್ಲಚ್ಚಿಗೆ ಕಾಲು ನೆಟ್ಟಗೆ ಹೋಗುತ್ತದೆಯೇ, ತಲೆ ಮೇಲೆ ತಾಗುತ್ತದೆಯೇ. ಕೆಲವು ಎಂ2ಗಳಲ್ಲಿ ಕಾರ್ಬನ್ ಬಕೆಟ್ ಸೀಟು ಇರುತ್ತದೆ. ಅದರಲ್ಲಿ ತೊಡೆಗಳ ನಡುವೆ ಒಂದು ದಿಂಡು ಎದ್ದಿರುತ್ತದೆ. ಸೀರೆ ಅಥವಾ ಪಂಚೆ ಉಟ್ಟವರು ಅದರಲ್ಲಿ ಇಳಿದು ಎದ್ದು ಬರುವುದನ್ನು ಮದುವೆ ಮನೆಯ ಮುಂದೆ ಯಾರೂ ನೋಡದಿರಲಿ.

7. ಟ್ರಾಫಿಕ್ಕಿನಲ್ಲಿ ಓಡಿಸಿ ನೋಡಿ

ಶೋರೂಮಿನವರು ಖಾಲಿ ರಸ್ತೆಗೆ ಕರೆದೊಯ್ಯುತ್ತಾರೆ. ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಕಡೆ ತಿರುಗಿಸಿ ಎನ್ನಿ. ಎಂ2ನ ಎಂಟು ಗೇರಿನ ಆಟೊಮ್ಯಾಟಿಕ್ ಟಾರ್ಕ್ ಕನ್ವರ್ಟರಿನದು, ತೆವಳುವಾಗ ಮೆತ್ತಗೆ. ಪಿಡಿಕೆಯಲ್ಲಿ ಎರಡು ಕ್ಲಚ್ಚುಗಳಿವೆ. ಒಳ್ಳೆಯದೇ, ಆದರೂ ಒಂದೊಂದು ಅಡಿ ಜರುಗುವ ಸಾಲಿನಲ್ಲಿ ಜರ್ಕ್ ಹೊಡೆದರೆ ಎಚ್ಚರ. ಮ್ಯಾನ್ಯುಯಲ್ ಎಂ2 ಭಾರತಕ್ಕೂ ಬಂದಿದೆ, ಮೋಹಕವಾದ ಕಾರು. ದಿನಾ ಆಫೀಸಿಗೆ ಅದನ್ನೇ ಒಯ್ಯುವುದಾದರೆ ಎಡ ಮೊಣಕಾಲಿನ ಅಭಿಪ್ರಾಯವನ್ನೂ ಕೇಳಿ.

8. ಅವಳಿಗಳನ್ನೂ ಬೇರೆ ಬೇರೆಯಾಗಿ ಓಡಿಸಿ

ಕ್ಯಾಲಿಫೋರ್ನಿಯಾದಲ್ಲಿರುವ ಅಕ್ಕನ ಮಗ ಕೇಳಿದ: ‘ಮಾಮ, ಟೊಯೊಟಾ ಜಿಆರ್86 ಮತ್ತು ಸುಬಾರು ಬಿಆರ್‌ಝಡ್ ಎರಡೂ ಒಂದೇ ಅಲ್ವಾ, ಕಡಿಮೆ ಬೆಲೇದು ತಗೊಳ್ಲಾ?’ ಎರಡೂ ಜಪಾನಿನ ಗುನ್ಮಾದ ಒಂದೇ ಕಾರ್ಖಾನೆಯಿಂದ ಬರುತ್ತವೆ, 2.4 ಲೀಟರಿನ ಅದೇ ಬಾಕ್ಸರ್ ಇಂಜಿನ್. ಆದರೆ ಟೊಯೊಟಾದಲ್ಲಿ ಮುಂದಿನ ಸ್ಪ್ರಿಂಗ್ ಸುಬಾರುವಿನದಕ್ಕಿಂತ ಮೆದು, ಹಿಂದಿನದು ಗಡಸು. ಹಿಂದಿನ ಆ್ಯಂಟಿರೋಲ್ ಬಾರ್ ಕೂರಿಸಿದ ರೀತಿಯೂ ಬೇರೆ. ಅಷ್ಟರಿಂದಲೇ ಟೊಯೊಟಾ ಬಾಲ ಆಡಿಸಲು ಸದಾ ತಯಾರು, ಸುಬಾರು ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತದೆ. ಕಾಗದದ ಮೇಲೆ ಇದು ಕಾಣುವುದೇ ಇಲ್ಲ. ಎರಡನ್ನೂ ಒಂದೇ ದಿನ, ಒಂದೇ ರಸ್ತೆಯಲ್ಲಿ ಓಡಿಸು ಎಂದೆ. ಹುಡುಗ ಸುಬಾರು ತಗೊಂಡ. ಇವು ನಮ್ಮಲ್ಲಿ ಮಾರಾಟಕ್ಕಿಲ್ಲ ಎನ್ನುವ ಹೊಟ್ಟೆಯುರಿ ನನಗೆ ಈಗಲೂ ಇದೆ.

9. ಕಾರಿಗಿಂತ ಮೊದಲು ಆರ್‌ಸಿ

ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಆಜೀವ ತೆರಿಗೆ ಶೇ 18, ಮೇಲೆ ಸೆಸ್. 2023ರಲ್ಲಿ ಎಂ2ನ ಎಕ್ಸ್‌ಶೋರೂಮ್ ಬೆಲೆ 98 ಲಕ್ಷ ಇತ್ತು. ಅದಕ್ಕೆ ಸೆಸ್ ಬಿಟ್ಟೇ 17 ಲಕ್ಷ 64 ಸಾವಿರ. ಹೊರರಾಜ್ಯದ ನಂಬರಿನ ಕಾರು ಅಗ್ಗಕ್ಕೆ ಸಿಕ್ಕರೆ ಹಿಗ್ಗಬೇಡಿ. ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಿ ಅಲ್ಲಿನ ತೆರಿಗೆ ಕಟ್ಟಲೇಬೇಕು, ಹಳೆಯ ಕಾರಿಗೆ ಲೆಕ್ಕ ಸ್ವಲ್ಪ ಇಳಿಯುತ್ತದೆ ಅಷ್ಟೆ. ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯಿಂದ ಬೆಂಗಳೂರಿನ ಸಾರಿಗೆ ಅಧಿಕಾರಿಗಳು 2025ರ ಜುಲೈನಲ್ಲಿ ಸುಮಾರು 1.42 ಕೋಟಿ ರೂಪಾಯಿ ಕಟ್ಟಿಸಿಕೊಂಡದ್ದು ಈ ಲೆಕ್ಕದಲ್ಲೇ.

ಪೆಟ್ರೋಲ್ 718ರ ಉತ್ಪಾದನೆ 2025ರಲ್ಲಿ ನಿಂತಿತು. ‘ಇನ್ಮೇಲೆ ಸಿಗಲ್ಲ ಸರ್, ರೇಟು ಏರ್ತದೆ’ ಎಂದು ದಲ್ಲಾಳಿಗಳು ಹೇಳುವುದು ಅದಕ್ಕೇ. ಏರಬಹುದು. ಅದಕ್ಕಾಗಿ ಕಾರು ಕೊಳ್ಳುವವರು ನನ್ನನ್ನು ಕರೆಯುವುದು ಬೇಡ, ಸೈಟು ಕೊಳ್ಳಲಿ.

10. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ

ನಾನು ಬರುವವರೆಗೆ ಇಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ದಿನವೇ ಹೇಳಿರುತ್ತೇನೆ. ರಾತ್ರಿಯೆಲ್ಲ ನಿಂತ ಇಂಜಿನ್ನಿನ ಮೊದಲ ಅರ್ಧ ನಿಮಿಷದ ಸದ್ದು ಮತ್ತು ಹೊಗೆ ಸರ್ವಿಸ್ ಪುಸ್ತಕಕ್ಕಿಂತ ಹೆಚ್ಚು ಹೇಳುತ್ತದೆ. ಬಿಸಿ ಮಾಡಿಟ್ಟಿದ್ದಾರೆಯೇ ಎಂದು ತಿಳಿಯಲು ಎಂ2ನಲ್ಲಿ ಬಾನೆಟ್ ಮೇಲೆ ಕೈಯಿಟ್ಟರೆ ಸಾಕು. ಕೇಮನ್‌ನಲ್ಲಿ ಬಾನೆಟ್ ಮುಟ್ಟಿ ಪ್ರಯೋಜನವಿಲ್ಲ, ಅಲ್ಲಿರುವುದು ಡಿಕ್ಕಿ. ಹಿಂದೆ ಹೋಗಿ ಸೈಲೆನ್ಸರ್ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಬಿಸಿ ಇದ್ದರೆ ಅವರು ಕೊಟ್ಟ ಕಾಫಿ ಕುಡಿದು, ನಾಳೆ ಬೆಳಿಗ್ಗೆ ಬರುತ್ತೇವೆ, ಹೇಳದೆ ಬರುತ್ತೇವೆ ಎಂದು ಹೇಳಿ ಎದ್ದು ಬನ್ನಿ.