ಕ್ಯಾಮೆರಾಕ್ಕೆ ಹೊತ್ತು ಹೇಳುವವರು ಯಾರು?

ಔಷಧ ಕಾರ್ಖಾನೆಯಲ್ಲಿ ಮಾತ್ರೆಗಳ ಸ್ಟ್ರಿಪ್ಪುಗಳು ಬೆಲ್ಟಿನ ಮೇಲೆ ಸಾಲಾಗಿ ಸಾಗುತ್ತವೆ. ಮೇಲಿರುವ ಡಿಜಿಟಲ್ ಕ್ಯಾಮೆರಾ ಒಂದೊಂದರ ಚಿತ್ರವನ್ನೂ ತೆಗೆಯುತ್ತದೆ. ಕಂಪ್ಯೂಟರು ಅದನ್ನು ಪರೀಕ್ಷಿಸಿ, ಮಾತ್ರೆಯಿಲ್ಲದ ಗುಳಿ ಕಂಡರೆ ಆ ಸ್ಟ್ರಿಪ್ಪನ್ನು ಹೊರಕ್ಕೆ ತಳ್ಳಿಸುತ್ತದೆ. ಚಿತ್ರದ ಹೊತ್ತು ತಪ್ಪಿದರೆ ದೋಷವುಳ್ಳ ಸ್ಟ್ರಿಪ್ಪು ರೋಗಿಯ ಕೈ ಸೇರೀತು. ಆ ಹೊತ್ತನ್ನು ಗೊತ್ತುಮಾಡುವ ಬಗೆಯನ್ನು ನಾವು ಈ ಪಾಠದಲ್ಲಿ ವಿಚಾರಮಾಡೋಣ.

ಮೊದಲನೆಯದಾಗಿ, ಹೊತ್ತು ಹೇಳಬೇಕಾದುದು ಗಡಿಯಾರವಲ್ಲ, ವಸ್ತುವೇ. ಕ್ಯಾಮೆರಾ ತನ್ನಷ್ಟಕ್ಕೆ ತಾನು ಚಿತ್ರ ತೆಗೆಯುತ್ತ ಹೋದರೆ, ಒಂದರಲ್ಲಿ ಅರ್ಧ ಸ್ಟ್ರಿಪ್ಪು, ಇನ್ನೊಂದರಲ್ಲಿ ಬರಿಯ ಬೆಲ್ಟು ಬಂದೀತು. ಈ ವಿಚಾರ ಹೊಸದೇನಲ್ಲ. 1878ರಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನು 12 ಕ್ಯಾಮೆರಾಗಳನ್ನು ಸಾಲಾಗಿ ಇರಿಸಿ, ಓಡುವ ಕುದುರೆಯ ಹಾದಿಗೆ ಅಡ್ಡಲಾಗಿ ದಾರಗಳನ್ನು ಕಟ್ಟಿದನು. ಕುದುರೆ ತಾಗಿದ ದಾರವೇ ಆಯಾ ಕ್ಯಾಮೆರಾವನ್ನು ಕೆಲಸಕ್ಕೆ ಹಚ್ಚಿತು. ಇಂದು ದಾರದ ಬದಲು ಬೆಳಕಿನ ಕಿರಣವಿದೆ. ಸ್ಟ್ರಿಪ್ಪು ಕಿರಣವನ್ನು ತಡೆದೊಡನೆ ಕ್ಯಾಮೆರಾಕ್ಕೆ ವಿದ್ಯುತ್ ಸಂಕೇತ ಹೋಗುತ್ತದೆ. ಇದಕ್ಕೆ ಟ್ರಿಗರ್ ಎಂದು ಹೆಸರು.

ಇನ್ನು ಲೆಕ್ಕ. ಬೆಲ್ಟು ಸೆಕೆಂಡಿಗೆ 500 ಮಿಲಿಮೀಟರು ಸಾಗುತ್ತದೆ ಎನ್ನೋಣ. ಕಿರಣ ತಡೆದ ಮೇಲೆ ಸ್ಟ್ರಿಪ್ಪು 60 ಮಿಲಿಮೀಟರು ಮುಂದೆ ಬಂದಾಗ ಚಿತ್ರ ಬೇಕು. 60ನ್ನು 500ರಿಂದ ಭಾಗಿಸಿದರೆ 0.12 ಸೆಕೆಂಡು, ಎಂದರೆ 120 ಮಿಲಿಸೆಕೆಂಡು. ಅಷ್ಟು ಹೊತ್ತು ಕ್ಯಾಮೆರಾ ಕಾಯಬೇಕು. ಆದರೆ ಬೆಲ್ಟಿನ ವೇಗ ಬದಲಾದರೆ ಈ ಲೆಕ್ಕ ಕೆಟ್ಟಿತು. ಅದಕ್ಕಾಗಿ ಬೆಲ್ಟಿನ ಉರುಳೆಗೆ ಎನ್‌ಕೋಡರ್ ಎಂಬ ಸಾಧನವನ್ನು ಜೋಡಿಸುತ್ತಾರೆ. ಬೆಲ್ಟು ಒಂದು ಮಿಲಿಮೀಟರು ಸರಿದಾಗಲೆಲ್ಲ ಅದು ಒಂದು ಮಿಡಿತ ಕೊಡುವುದಾದರೆ, 60 ಮಿಡಿತ ಎಣಿಸಿದರೆ ಸಾಕು. ವೇಗ ಹೆಚ್ಚಲಿ, ತಗ್ಗಲಿ, ಸ್ಥಾನ ತಪ್ಪುವುದಿಲ್ಲ.

ಕ್ಯಾಮೆರಾ ಬೆಳಕನ್ನು ಹೀರುವ ಅವಧಿಯೂ ಮುಖ್ಯ. ಅದು 1 ಮಿಲಿಸೆಕೆಂಡಾದರೆ ಅಷ್ಟರಲ್ಲೇ ಸ್ಟ್ರಿಪ್ಪು ಅರ್ಧ ಮಿಲಿಮೀಟರು ಸರಿದಿರುತ್ತದೆ. ಚಿತ್ರದ ಒಂದು ಪಿಕ್ಸೆಲ್ 0.1 ಮಿಲಿಮೀಟರಿಗೆ ಸಮವಾದರೆ, ಐದು ಪಿಕ್ಸೆಲ್‌ಗಳಷ್ಟು ಮಸುಕಾಯಿತು. ಮಸುಕು ಒಂದು ಪಿಕ್ಸೆಲ್ ಮೀರದಿರಲು ಅವಧಿಯನ್ನು 0.2 ಮಿಲಿಸೆಕೆಂಡಿಗೆ ಇಳಿಸಬೇಕು. ಆಗ ಬೆಳಕು ಸಾಲದು. ಆದುದರಿಂದ ಅದೇ ಹೊತ್ತಿಗೆ ಸರಿಯಾಗಿ ಪ್ರಖರವಾದ ಎಲ್‌ಇಡಿ ದೀಪವನ್ನು ಮಿಂಚಿಸುತ್ತಾರೆ.

ಕೊನೆಯದಾಗಿ ಒಂದು ಎಚ್ಚರಿಕೆ. ಹಿಂದಿನ ಚಿತ್ರದ ಕೆಲಸ ಮುಗಿಯುವ ಮೊದಲೇ ಮತ್ತೊಂದು ಟ್ರಿಗರ್ ಬಂದರೆ, ಹಲವು ಕ್ಯಾಮೆರಾಗಳು ಅದನ್ನು ಲೆಕ್ಕಿಸದೆ ಬಿಡುತ್ತವೆ. ಅಲ್ಲಿಂದಾಚೆಗೆ ಚಿತ್ರದ ಸಂಖ್ಯೆಗೂ ಸ್ಟ್ರಿಪ್ಪಿನ ಸಂಖ್ಯೆಗೂ ಒಂದರ ಅಂತರ ಬೀಳುತ್ತದೆ. ಆಗ ಒಳ್ಳೆಯದು ಹೊರಬಿದ್ದು, ಕೆಟ್ಟದ್ದು ಪೆಟ್ಟಿಗೆ ಸೇರುತ್ತದೆ. ಚಿತ್ರಗಳೆಲ್ಲ ಚೆನ್ನಾಗಿಯೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಆದುದರಿಂದ ಟ್ರಿಗರ್‌ಗಳನ್ನೂ ಚಿತ್ರಗಳನ್ನೂ ಬೇರೆಬೇರೆಯಾಗಿ ಎಣಿಸಬೇಕು. ಎರಡೂ ತಾಳೆಯಾಗದಿದ್ದರೆ ಬೆಲ್ಟನ್ನು ಕೂಡಲೇ ನಿಲ್ಲಿಸಬೇಕು. ನಿಂತ ಬೆಲ್ಟಿನಿಂದ ಆಗುವ ನಷ್ಟ ಹಣದ್ದು. ಓಡಿದ ಬೆಲ್ಟಿನಿಂದ ಆಗುವುದು ರೋಗಿಯದು.

ಅಭ್ಯಾಸ: ಬೆಲ್ಟಿನ ವೇಗ ಸೆಕೆಂಡಿಗೆ 800 ಮಿಲಿಮೀಟರು, ದೂರ 40 ಮಿಲಿಮೀಟರು. ಕ್ಯಾಮೆರಾ ಎಷ್ಟು ಹೊತ್ತು ಕಾಯಬೇಕು? (ಉತ್ತರ: 50 ಮಿಲಿಸೆಕೆಂಡು.)